ಮಂಚಿಗೆಯ ಮೇಲೊಂದು ಶಹಾಬಾದ ಕಲ್ಲು

ಹೋದ ಭಾನುವಾರ ನಮ್ಮ ಮಾಳಿಗೆಯ ಮೇಲಿನ ನೀರಿನ ಟಾಂಕಿ ತೊಳೆಯಲು ಹೊರಟೆ. ನಿಚ್ಚಣಿಕೆ ಇಟ್ಟು ನಾಲ್ಕು ಸಲ ಅಲುಗಾಡಿಸಿ ನೋಡಿದೆ. ಬಕೀಟು, ಬ್ರಷ್ಷು ಕೆಳಗೇ ಬಿಟ್ಟು, ಆಮೇಲೆ ಎಳೆದುಕೊಳ್ಳಲು ಅವಕ್ಕೊಂದು ಹಗ್ಗ ಕಟ್ಟಿದೆ. ಇನ್ನೊಂದು ಹಗ್ಗವನ್ನು ನನ್ನ ಎದೆಗೇ ಸುತ್ತಿಕೊಂಡೆ. ಪಕ್ಕದ ಮಾಳಿಗೆಯಲ್ಲಿ ಗೋಧಿ ಹರವುತ್ತಿದ್ದ ರಫೀಕ್ ಭಾಯಿ ಕೆಲಸ ಬಿಟ್ಟು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಕಾಕಾ, ಹಿಮಾಲಯಕ್ಕ ಹೊಂಟೀರೇನ್ರಿ? ಹತ್ತು ಫೂಟಿಗಿ ಇಷ್ಟೆಲ್ಲಾ ಬಂದೋಬಸ್ತಾ?"

ನಾನು ಉತ್ತರಿಸುವುದಕ್ಕೆ ಮೊದಲೇ ಮೆಟ್ಟಿಲ ಬಾಗಿಲಲ್ಲಿ ನನ್ನ ಹೆಂಡತಿ ಜಗದೇವಿಯ ದನಿ ಬಂತು. "ಅವ್ರದ್ದು ಹಿಂಗೇ ರೀ ಭಾಯಿ. ಸ್ಟೂಲ್ ಮ್ಯಾಲ ನಿಂತು ಬಲ್ಬ್ ಹಾಕೋದಿದ್ರೂ ಹಗ್ಗ ಬೇಕು ಇವ್ರಿಗಿ."

ಬಲ್ಬಿನ ಮಾತು ಸ್ವಲ್ಪ ಅತಿಯಾಯಿತು. ಉಳಿದದ್ದು ಖರೆ. ಎತ್ತರ ಅಂದರೆ ನನ್ನ ಕೈ ತಾನಾಗಿ ಹಗ್ಗ ಹುಡುಕುತ್ತದೆ. ನಗುವವರು ನಗಲಿ ಬಿಡಿ, ನನಗೇನೂ ಬೇಜಾರಿಲ್ಲ. ಯಾಕೆಂದರೆ ಮದುವೆಯಾದ ವರ್ಷವೇ ನಾನು ಸಾಯಬೇಕಿತ್ತು. ನಾನೊಬ್ಬನೇ ಅಲ್ಲ, ನನ್ನ ಜೊತೆ ನನ್ನ ಅತ್ತೆಯೂ. ಅದೂ ಹುಲಿ ಹಾವುಗಳಿಂದಲ್ಲ, ನಾನೇ ಹೊತ್ತುಕೊಂಡು ಹೋಗಿದ್ದ ಒಂದು ಶಹಾಬಾದ ಕಲ್ಲಿನಿಂದ. ಇಬ್ಬರೂ ಉಳಿದೆವು. ಉಳಿಸಿದ್ದು ಒಬ್ಬ ಮನುಷ್ಯನ ಹಟ. ಆ ಹಟಕ್ಕೆ ಆಗ ನಾನು ಎಷ್ಟು ನಕ್ಕಿದ್ದೆನೋ, ಈಗ ಅಷ್ಟೇ ಋಣಿಯಾಗಿದ್ದೇನೆ.

ಮೊದಲು ಕಲ್ಲಿನ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ನಿಮಗೆ ನಾನು ಬರೀ ಹುಚ್ಚನಂತೆ ಕಂಡೇನು. ನಾವು ಶಹಾಬಾದದವರು ಕಲ್ಲಿನ ಮೇಲೆ ಹುಟ್ಟಿ ಕಲ್ಲಿನ ಮೇಲೆ ಬೆಳೆದವರು. ನೆಲಕ್ಕೆ ಫರ್ಸಿ ಎಂಬ ಹಾಸುಗಲ್ಲು, ಗೋಡೆಗೆ ಫರ್ಸಿ, ಮಾಳಿಗೆಗೆ ಫರ್ಸಿ. ರೊಟ್ಟಿ ಬಡಿಯುವುದಕ್ಕೊಂದು, ಬಟ್ಟೆ ಒಗೆಯುವುದಕ್ಕೊಂದು, ಎಮ್ಮೆ ನೀರು ಕುಡಿಯುವ ತೊಟ್ಟಿಗೆ ನಾಲ್ಕು. ನಮ್ಮಪ್ಪ ಪಾಲಿಶ್ ಮಶೀನಿನ ಮೇಲೆ ಕೆಲಸ ಮಾಡುತ್ತಿದ್ದ. ಸಂಜೆ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೂದು ಬಣ್ಣ. ಚಿಕ್ಕವನಿದ್ದಾಗ ನಾನು ಅಪ್ಪ ಹುಟ್ಟಾ ಮುದುಕ ಎಂದೇ ತಿಳಿದಿದ್ದೆ. ಮುಖ ತೊಳೆದುಕೊಂಡು ಬಂದ ಕೂಡಲೇ ಹರೆಯದವನಾಗಿಬಿಡುತ್ತಿದ್ದ. ಅದು ನೀರಿನ ಮಹಿಮೆ ಎಂದು ನಾನೂ ದಿನಾ ಮೂರು ಸಲ ಮುಖ ತೊಳೆಯುತ್ತಿದ್ದೆ.

ಬೇಸಿಗೆಯಲ್ಲಿ ನಮ್ಮವ್ವ ನೆಲದ ಫರ್ಸಿಯ ಮೇಲೆ ಒಂದು ಚೆಂಬು ನೀರು ಚಿಮುಕಿಸಿ ಒರೆಸಿಬಿಡುತ್ತಿದ್ದಳು. ನಾವು ನಾಲ್ಕು ಮಕ್ಕಳು ಅಂಗಿ ಬಿಚ್ಚಿ ಬೆನ್ನು ಹಚ್ಚಿ ಮಲಗುತ್ತಿದ್ದೆವು. ಆ ತಂಪು ಇದೆಯಲ್ಲ, ಅದನ್ನು ಯಾವ ಕೂಲರೂ ಕೊಡುವುದಿಲ್ಲ ಎಂದು ನಾನು ಇಂದಿಗೂ ವಾದ ಮಾಡುತ್ತೇನೆ. ಅಂಥವನಿಗೆ ಹೆಣ್ಣು ಸಿಕ್ಕಿದ್ದು ಎಲ್ಲಿ? ಚಿಂಚೋಳಿ ಆಚೆ, ಕುಂಚಾವರಂ ಕಾಡಿನ ಈಚೆ, ಮಣ್ಣಿನ ಗೋಡೆಯ ಮನೆಗಳಿರುವ ಒಂದು ಸಣ್ಣ ಊರಿನಲ್ಲಿ. ಮದುವೆಗೆ ಹೋದಾಗಲೇ ನೋಡಿದ್ದೆ, ಮಾವನ ಮನೆಯಲ್ಲಿ ಹಿಡಿಯಷ್ಟು ಫರ್ಸಿ ಇರಲಿಲ್ಲ. ನನಗೆ ಮರುಕ ಬಂತು.

ಹೀಗಾಗಿ ಮದುವೆಯ ನಂತರದ ಮೊದಲ ಎಳ್ಳಮಾವಾಸ್ಯೆಗೆ ಅತ್ತೆಯ ಮನೆಗೆ ಹೊರಟಾಗ ಎರಡು ಕಲ್ಲು ಕಟ್ಟಿಸಿಕೊಂಡೆ. ಎರಡು ಫೂಟು ಚೌಕ, ಕನ್ನಡಿಯಂಥ ಪಾಲಿಶ್, ಅಪ್ಪನೇ ಮುಂದೆ ನಿಂತು ಮಾಡಿದ್ದು. ಚಿತ್ತಾಪುರ, ಸೇಡಂ, ಸುಲೇಪೇಟ ಎಂದು ಬಸ್ಸು ಬದಲಿಸುತ್ತ ಹೋಗಬೇಕು. ಸೇಡಂನಲ್ಲಿ ಕಂಡಕ್ಟರ್ ಗಂಟು ನೋಡಿ, "ಏನ್ರಿ ಇದು, ಗೋರಿಗಿ ಕಲ್ಲು ಒಯ್ಲಿಕತ್ತೀರೇನು?" ಎಂದ. "ಇಲ್ರಿ, ಮಾವನ ಮನಿಗಿ" ಎಂದೆ. ಬಸ್ಸೆಲ್ಲ ನಕ್ಕಿತು. ಜಗದೇವಿ ಸೆರಗು ಮುಖದ ಮೇಲೆ ಎಳೆದುಕೊಂಡು ಸುಲೇಪೇಟ ಬರುವವರೆಗೂ ನನ್ನ ಗುರುತೇ ಇಲ್ಲದವಳ ಹಾಗೆ ಕೂತಿದ್ದಳು.

ಮಾವ ಸಾಯಬಣ್ಣ ಬಾಗಿಲಲ್ಲಿ ನಿಂತಿದ್ದರು. ಒಣಕಲು ದೇಹ, ದಪ್ಪ ಮೀಸೆ, ಮಾತು ಕಮ್ಮಿ. "ಬರ್ರಿ ಅಳಿಯಂದ್ರ, ಕುಂದ್ರಿ" ಎಂದು ನೀರು ಕೊಟ್ಟರು. ಅತ್ತೆ ಚಂದ್ರಮ್ಮ ಅದಕ್ಕೆ ಉಲ್ಟಾ, ಮಾತಿನ ಗಿರಣಿ. ತೆಲುಗು ಸೀಮೆಗೆ ಹತ್ತಿದ ಊರಾದ್ದರಿಂದ ಸಂತೋಷವಾದರೂ ಗಾಬರಿಯಾದರೂ ಬಾಯಲ್ಲಿ "ಓ ನಾಯನಾ" ಎಂದು ಬರುತ್ತಿತ್ತು. ಕಲ್ಲು ಕಂಡು ಓ ನಾಯನಾ ಎಂದರು. ಒಂದನ್ನು ಬಚ್ಚಲಿಗೆ ಹಾಕಿಸಿದರು. ಇನ್ನೊಂದಕ್ಕೆ ಕೆಲಸ ಸಿಗದೆ ಗೋಡೆಗೆ ಒರಗಿಸಿಟ್ಟರು.

ಎಳ್ಳಮಾವಾಸ್ಯೆಯ ಭಜ್ಜಿ, ಕಡಬು ಉಂಡು, ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಮರುದಿನವೇ ಬರಬೇಕಾಗಿತ್ತು. ಅತ್ತೆ ಬಿಡಲಿಲ್ಲ. ಹೊಸ ಅಳಿಯ, ಹದಿನೈದು ದಿನವಾದರೂ ಇರಲಿ ಎಂದರು. ಜೋಳ ಹಾಲುಗಾಳಿಗೆ ಬಂದಿತ್ತು. ಕಾಡಿನ ಕಡೆಯಿಂದ ಗಿಣಿಗಳು ದಂಡು ಕಟ್ಟಿಕೊಂಡು ಬರುತ್ತಿದ್ದವು. ಕುಂತು ಉಣ್ಣುವುದಕ್ಕಿಂತ ಮಂಚಿಗೆ ಏರಿ ಹಕ್ಕಿ ಹೊಡೆಯುತ್ತೇನೆ ಎಂದು ನಾನೇ ಮುಂದೆ ಬಿದ್ದೆ.

ಮಂಚಿಗೆ ಅಂದರೆ ಬೆಳೆ ಕಾಯಲು ಎತ್ತರದಲ್ಲಿ ಕಟ್ಟುವ ಅಟ್ಟ. ಮಾವನ ಮಂಚಿಗೆ ಹೊಲದ ನಡುವಿನ ಬೇವಿನ ಮರಕ್ಕಿತ್ತು. ಒಂದು ಕಡೆ ಮರದ ಕವಲು, ಇನ್ನೊಂದು ಕಡೆ ಎರಡು ಜಾಲಿ ಕಂಬ, ಮೇಲೆ ಬಿದಿರು, ಅದರ ಮೇಲೆ ತೊಗರಿ ಕಟಿಗೆಯ ಹಾಸು. ಎರಡಾಳೆತ್ತರ. ಮಾವ ಹರೆಯದಲ್ಲಿ ಶಿಕಾರಿಗೆ ಹೋಗುತ್ತಿದ್ದವರು, ಈ ತರಹ ಮರದ ಮೇಲೆ ಕೂತೇ ಹಂದಿ ಹೊಡೆಯುತ್ತಿದ್ದವರು ಎಂದು ಊರವರು ಹೇಳುತ್ತಿದ್ದರು. ಶಿಕಾರಿ ಗುನ್ಹೆ ಅಂತಾಗಿ ಬಂದೂಕುಗಳೆಲ್ಲ ಹೋದವು, ಮಂಚಿಗೆ ಕಟ್ಟುವ ಕೈ ಮಾತ್ರ ಉಳಿಯಿತು. ಆ ದಿನಗಳ ಮಾತು ತೆಗೆದರೆ ಮಾವ ಎದ್ದು ಹೋಗಿಬಿಡುತ್ತಿದ್ದರು.

ಆದರೆ ಮಂಚಿಗೆಯ ಕಾಯಿದೆ ಹೇಳುವಾಗ ಮಾತ್ರ ಬಾಯಿ ಬರುತ್ತಿತ್ತು. ಬೆಳಿಗ್ಗೆ ಹೋದ ಕೂಡಲೇ ಕಂಬ ಕಂಬವನ್ನೂ ಭುಜ ಕೊಟ್ಟು ದೂಡಿ ನೋಡುವುದು. ನಿಚ್ಚಣಿಕೆಯ ಒಂದೊಂದು ಹಲ್ಲಿನ ಮೇಲೂ ಕೈಯೂರಿ ಜಗ್ಗುವುದು. "ಏರೋವಾಗ ಮೂರು ಗಟ್ಟಿ, ಒಂದು ಖುಲ್ಲಾ" ಎನ್ನುವರು. ಎರಡು ಕೈ ಎರಡು ಕಾಲಿನಲ್ಲಿ ಮೂರು ಯಾವಾಗಲೂ ಹಿಡಿದಿರಬೇಕು, ಒಂದೇ ಸರಿಯಬೇಕು. ಕೈಯಲ್ಲಿ ಒಂದು ಕಡ್ಡಿಯನ್ನೂ ಹಿಡಿದು ಏರುವಂತಿಲ್ಲ. ಕವಣೆ, ಕಲ್ಲಿನ ಚೀಲ, ನೀರಿನ ಮಗಿ, ಬುತ್ತಿ, ಎಲ್ಲ ಆಮೇಲೆ ಹಗ್ಗದಿಂದ ಎಳೆದುಕೊಳ್ಳಬೇಕು. ಮೇಲೆ ಹೋದ ಕೂಡಲೇ, ಕೂಡುವುದಕ್ಕೂ ಮೊದಲು, ತಲೆಯ ಮೇಲಿನ ದಪ್ಪ ಟೊಂಗೆಗೆ ಕಟ್ಟಿದ ಹಗ್ಗವನ್ನು ಕಂಕುಳ ಕೆಳಗೆ ಎದೆಗೆ ಸುತ್ತಿಕೊಳ್ಳಬೇಕು.

"ಮಂಚಿಗೀಗೇ ಕಟ್ಟಿದ್ರ ಆಗಂಗಿಲ್ಲೇನ್ರಿ ಮಾವ?" ಎಂದು ಕೇಳಿದ್ದೆ.

"ಮಂಚಿಗಿ ಬಿದ್ರ? ಅದರ ಸಂಗಟ ನೀವೂ ಹೋಗ್ತೀರಿ. ಗಿಡಕ್ಕ ಕಟ್ಟಬೇಕು. ಗಿಡ ಬೀಳಂಗಿಲ್ಲ."

ಆ ಹಗ್ಗ ಪುಂಡಿ ನಾರಿನದು, ಮಾವ ಪ್ರತಿ ವರ್ಷ ಹೊಸದಾಗಿ ಹೊಸೆಯುತ್ತಿದ್ದರು. ಹೋದ ವರ್ಷದ್ದು ಚೆನ್ನಾಗಿಯೇ ಇದೆಯಲ್ಲ ಎಂದರೆ, "ಹಳೇ ಹಗ್ಗ ದನಕ್ಕ. ಮನಷ್ಯಾಗ ಹೊಸಾದು" ಎನ್ನುವರು. ಕಾಂಡದ ಪಕ್ಕಕ್ಕೆ ಇನ್ನೊಂದು ಹಗ್ಗ, ತುದಿಯಲ್ಲಿ ಪಾದ ಹಿಡಿಯುವಷ್ಟು ಒಂದು ಕುಣಿಕೆ. ಅದೇಕೆ ಎಂದರೆ, "ಬಿದ್ದು ಜೋತಾಡೋವಾಗ ಕಾಲಿಡಾಕ. ಇಲ್ಲಂದ್ರ ಎದಿ ಹಗ್ಗಕ್ಕೇ ಉಸಿರು ಕಟ್ತದ." ಬೀಳುವುದಕ್ಕಿಂತ ಮುಂಚೆಯೇ ಬಿದ್ದವನ ಅನುಕೂಲ ನೋಡುವ ಇಂಥ ಮನುಷ್ಯನನ್ನು ನಾನು ಕಂಡಿರಲಿಲ್ಲ. ರಾತ್ರಿ ಜಗದೇವಿಯ ಮುಂದೆ ಮಾವನ ದನಿ ಮಾಡಿ ತೋರಿಸಿ ನಗುತ್ತಿದ್ದೆ. ಅವಳೂ ನಗುತ್ತಿದ್ದಳು, ನಕ್ಕು ಆಮೇಲೆ, "ಆದ್ರ ಕಟ್ಕೋರಿ ಮತ್ತ" ಎನ್ನುತ್ತಿದ್ದಳು.

ಅತ್ತೆಗೂ ಒಂದು ಕಾಯಿದೆ ಇತ್ತು. ಬುತ್ತಿ ತಂದರೆ ನೇರ ಮಂಚಿಗೆಯ ಕೆಳಗೆ ಬರುವಂತಿಲ್ಲ. ಹತ್ತು ಹೆಜ್ಜೆ ದೂರ ಬದುವಿನ ಮೇಲೆ ನಿಂತು ಕೂಗಬೇಕು. ಮೇಲಿದ್ದವನು ಕೂತು, ಬರಿದಾದ ಎರಡೂ ಕೈ ಎತ್ತಿ ತೋರಿಸಬೇಕು. ಆಗಲೇ ಅವರು ಕೆಳಗೆ ಬಂದು ಬುತ್ತಿಯನ್ನು ಹಗ್ಗಕ್ಕೆ ಕಟ್ಟುವುದು. ನಾನು ಕೈಯೆತ್ತಿದಾಗೆಲ್ಲ ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳನ ಹಾಗೆ ಅನಿಸುತ್ತಿತ್ತು.

ನನ್ನ ಹಕ್ಕಿ ಹೊಡೆಯುವ ಪ್ರತಾಪವನ್ನು ಹೇಳದಿರುವುದೇ ವಾಸಿ. ಕವಣೆ ಬೀಸಿದರೆ ಕಲ್ಲು ಮುಂದಕ್ಕೆ ಹೋಗಬೇಕು ಎಂಬುದು ಲೋಕರೂಢಿ. ನನ್ನದು ಮೊದಲ ದಿನ ಹಿಂದಕ್ಕೆ ಹೋಗಿ ಪಕ್ಕದ ಹೊಲದವರ ಗಡಿಗೆ ಒಡೆಯಿತು. ಗಿಣಿಗಳಿಗೂ ನನ್ನ ಪರಿಚಯವಾಗಿಬಿಟ್ಟಿತು. ಕೊನೆಗೆ ಕವಣೆ ಬರೀ ತಿರುವಿ, "ಹೋ ಹೋ" ಎಂದು ಕಿರುಚಿ ಕೆಲಸ ಸಾಗಿಸುತ್ತಿದ್ದೆ. ನನಗೆ ನಿಜವಾದ ತೊಂದರೆ ಇದ್ದದ್ದು ಕೂಡುವ ಜಾಗದ್ದು. ತೊಗರಿ ಕಟಿಗೆ ಚುಚ್ಚುತ್ತಿತ್ತು. ಮೇಲೆ ಗೋಣಿ ಹಾಸಿದರೂ ಚುಚ್ಚುತ್ತಿತ್ತು. ಐದನೆಯ ದಿನಕ್ಕೆ ನಾನು ಮನೆಯಲ್ಲೂ ಒಂದೇ ಮಗ್ಗುಲಿಗೆ ಕೂಡುವ ಹಾಗಾಯಿತು. ಆಗ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದ ಎರಡನೆಯ ಫರ್ಸಿ ಕಣ್ಣಿಗೆ ಬಿತ್ತು.

ಬೇರೆ ಯಾವ ಊರಿನವನಿಗೂ ಈ ವಿಚಾರ ಹೊಳೆಯಲಾರದು. ನಮಗೆ ಹೊಳೆಯುತ್ತದೆ. ಕೂಡುವುದು ಅಂದರೆ ಕಲ್ಲಿನ ಮೇಲೆ ಎಂದು ರಕ್ತದಲ್ಲೇ ಬಂದಿದೆಯಲ್ಲ.

ಅವತ್ತು ಮಾವ ಸುಲೇಪೇಟದ ಸಂತೆಗೆ ಹೋಗಿದ್ದರು. ನಾನು ಕಲ್ಲನ್ನು ಹೆಗಲ ಮೇಲಿಟ್ಟುಕೊಂಡು ಹೊಲಕ್ಕೆ ಹೊರಟೆ. ಜಗದೇವಿ, "ಎಲ್ಲಿಗಿ ಒಯ್ಲಿಕತ್ತೀರಿ ಅದನ್ನ?" ಎಂದಳು. "ಹೊಲದಾಗ ಕುಂದ್ರಾಕ" ಎಂದೆ. ಸುಳ್ಳಂತೂ ಅಲ್ಲ. ಮಂಚಿಗೆ ಏರಿ, ಬುತ್ತಿಯ ಹಗ್ಗದಿಂದಲೇ ಕಲ್ಲನ್ನು ಮೇಲೆ ಎಳೆದುಕೊಂಡೆ. ಕೈಯಲ್ಲಿ ಏನೂ ಹಿಡಿದು ಏರಬಾರದು ಎಂಬ ಮಾವನ ಕಾಯಿದೆಯನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕಲ್ಲು ಹಾಸಿ ಕೂತೆ ನೋಡಿ, ಆಹಾ! ಕೆಳಗೆ ಜೋಳದ ಹೊಲ, ಮೇಲೆ ಬೇವಿನ ನೆರಳು, ಕುಂಡಿಯ ಕೆಳಗೆ ನಮ್ಮೂರು. ಎದೆಯ ಹಗ್ಗ ಕಟ್ಟಿಕೊಳ್ಳಲಿಲ್ಲ. ಇಂಥ ಸಿಂಹಾಸನದ ಮೇಲೆ ಕೂತವನು ಹಗ್ಗ ಕಟ್ಟಿಕೊಳ್ಳುತ್ತಾನೆಯೇ?

ಬಿಸಿಲೇರುವ ಹೊತ್ತಿಗೆ ಅತ್ತೆ ಬಂದರು. ಬದುವಿನ ಮೇಲೆ ನಿಂತು ಕೂಗಿದರು. "ಅಳಿಯಂದ್ರ, ಕಟ್ಕೊಂಡೀರಿ?"

"ಹೂಂ ರೀ ಅತ್ತಿ."

"ಹಗ್ಗ ಗಾಳಿಗಿ ಜೋತಾಡ್ಲಿಕತ್ತದ. ನನಗೇನು ಕಣ್ಣಿಲ್ಲೇನು?"

ಅಷ್ಟೇ ಅಂದು ಬುತ್ತಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬದುವಿನ ಮೇಲೆ ಕೂತುಬಿಟ್ಟರು. "ಕಟ್ಕೋರಿ, ಆಮ್ಯಾಲ ಬುತ್ತಿ. ನನಗೇನೂ ಅವಸರಿಲ್ಲ." ಬಿಸಿ ರೊಟ್ಟಿ, ಪುಂಡಿ ಪಲ್ಯ, ಹಸಿಮೆಣಸಿನಕಾಯಿ ಚಟ್ನಿ ಎಂದು ಒಂದೊಂದನ್ನೇ ಹೆಸರಿಟ್ಟು ಕರೆದು ಹೇಳಿದರು. ನನಗೆ ಮಾವನ ಕಾಯಿದೆಯ ಮೇಲೆ ಶ್ರದ್ಧೆ ಇರಲಿಲ್ಲ, ಪುಂಡಿ ಪಲ್ಯದ ಮೇಲಿತ್ತು. ಗೊಣಗುತ್ತಾ ಹಗ್ಗ ಸುತ್ತಿಕೊಂಡು ಗಂಟು ಹಾಕಿದೆ.

"ಈಗ ಕೈ ತೋರ್ಸ್ರಿ. ಬರ್ತೀನಿ" ಎಂದು ಅತ್ತೆ ಎದ್ದು ನಿಂತರು.

ಕೈ ಎತ್ತುವುದರಲ್ಲಿದ್ದೆ. ಅಷ್ಟರಲ್ಲಿ ಗಿಣಿಗಳ ದಂಡೊಂದು ಕೀಚಲು ದನಿಯಲ್ಲಿ ಕೂಗುತ್ತಾ ಹೊಲದ ಮೂಲೆಗೆ ಇಳಿಯಿತು. ಅತ್ತೆಯ ಮುಂದೆ ಪೌರುಷ ತೋರಿಸಬೇಕಲ್ಲ! ಕವಣೆ ಎತ್ತಿಕೊಂಡು ಫರ್ಸಿಯ ಅಂಚಿನ ಮೇಲೆ ನಿಂತೆ. ಅತ್ತೆ, "ಕೈ ತೋರ್ಸ್ರಿ ಮೊದ್ಲ!" ಎಂದು ಅಲ್ಲಿಂದಲೇ ಬೈಯುತ್ತಿದ್ದರು. ನಾನು ಕವಣೆ ತಿರುವಿದೆ. ಕಾಲ ಕೆಳಗಿನ ಫರ್ಸಿ ಒಂದು ಮಗ್ಗುಲಿಗೆ ವಾಲಿತು, ನನ್ನ ಭಾರ, ಅದರ ಭಾರ ಎಲ್ಲಾ ಸೇರಿ ಒಂದೇ ಬಿದಿರಿನ ಮೇಲೆ ಬಿತ್ತು. ಲಟಕ್ ಎಂದದ್ದು ಕೇಳಿಸಿತು. ಕಾಲ ಕೆಳಗೆ ಏನೂ ಇರಲಿಲ್ಲ.

ಎದೆಗೆ ಯಾರೋ ಒನಕೆಯಿಂದ ಗುದ್ದಿದ ಹಾಗಾಯಿತು. ಕಣ್ಣು ಬಿಟ್ಟರೆ ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ತಿರುಗುತ್ತಾ ನೇತಾಡುತ್ತಿದ್ದೆ. ಕೆಳಗೆ ಬೇವಿನ ಬೇರಿನ ಮೇಲೆ ಅಪ್ಪನ ಪಾಲಿಶ್ ಕಲ್ಲು ಮೂರು ಹೋಳಾಗಿತ್ತು. ಅತ್ತೆ ದಿನಾ ನಿಂತು ಬುತ್ತಿ ಕಟ್ಟುವ ಜಾಗ ಅದೇ. ಕೂಗೋಣವೆಂದರೆ ಉಸಿರಿಲ್ಲ.

"ಓ ನಾಯನಾ! ಕಾಲು! ಕಾಲಿಡ್ರಿ ಕುಣಿಕ್ಯಾಗ!"

ಕಾಲು ಬೀಸಿದೆ, ಸಿಗಲಿಲ್ಲ. ಮತ್ತೆ ಬೀಸಿದೆ, ಸಿಕ್ಕಿತು. ಕುಣಿಕೆಯಲ್ಲಿ ಪಾದವೂರಿ ನಿಂತ ಕೂಡಲೇ ಎದೆಯ ಬಿಗಿ ಸಡಿಲಾಗಿ ಉಸಿರು ಒಳಗೆ ಬಂತು. ಆ ಮೊದಲ ಉಸಿರಿನಷ್ಟು ರುಚಿಯಾದದ್ದನ್ನು ನಾನು ಇಂದಿಗೂ ತಿಂದಿಲ್ಲ, ಕುಡಿದಿಲ್ಲ. ಅತ್ತೆ ನಿಚ್ಚಣಿಕೆ ಎಳೆದು ತಂದು ಒರಗಿಸಿ, ಮಗುವನ್ನು ಇಳಿಸುವ ಹಾಗೆ ಒಂದೊಂದು ಹಲ್ಲಿನ ಮೇಲೂ ನನ್ನ ಪಾದವನ್ನು ಕೈಯಿಂದ ಹಿಡಿದಿಟ್ಟು ಇಳಿಸಿದರು. ಅಳಿಯನ ಕಾಲು ಮುಟ್ಟಬೇಡಿ ಎನ್ನುವಷ್ಟೂ ಬಾಯಿ ನನಗಿರಲಿಲ್ಲ.

ನೆಲಕ್ಕೆ ಬಂದ ಮೇಲೆ ಅವರು ಮೊದಲು ನನ್ನ ಕೈಕಾಲು ಹಿಚುಕಿ ನೋಡಿದರು, ಆಮೇಲೆ ಬೈದರು, ಆಮೇಲೆ ಅತ್ತರು. ಮೂರು ಹೋಳಾದ ಕಲ್ಲನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಕಾಯಿದೆ ಇಲ್ಲದಿದ್ದರೆ ತಾವು ಎಲ್ಲಿ ನಿಂತಿರುತ್ತಿದ್ದರು ಎಂಬುದು ಅವರಿಗೂ ಅರ್ಥವಾಗಿತ್ತು. ಜೋಳದ ಸಾಲಿನ ನಡುವೆ ನೆರಳು ನೋಡಿ ಕೂತೆವು. ಅತ್ತೆ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ನನ್ನ ಬಾಯಿಗಿಟ್ಟರು. ಗಿಣಿಗಳು ಆರಾಮಾಗಿ ಜೋಳ ತಿನ್ನುತ್ತಿದ್ದವು. ತಿನ್ನಲಿ ಎಂದು ಬಿಟ್ಟೆವು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಜೋಳದ ದಂಟು ತಳ್ಳಿಕೊಂಡು ಯಾರೋ ಓಡಿ ಬರುವ ಸದ್ದಾಯಿತು. ಮಾವ. ಸಂತೆಯಿಂದ ಬರುತ್ತಾ ಬಸ್ಸಿಳಿದು ನೇರ ಹೊಲಕ್ಕೆ ಬಂದಿದ್ದರು. ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು. ಕೈಯಲ್ಲಿ ಅಳಿಯನಿಗೆಂದು ತಂದ ಜಿಲೇಬಿಯ ಪೊಟ್ಟಣ, ಹಿಡಿದ ಹಿಡಿತಕ್ಕೆ ಹರಿದು ಪಾಕ ಮೊಣಕೈವರೆಗೆ ಇಳಿದಿತ್ತು. ನಮ್ಮಿಬ್ಬರನ್ನೂ ನೋಡಿದರು. ನನ್ನ ಬಾಯಲ್ಲಿ ರೊಟ್ಟಿ ಇತ್ತು.

ನಾನು ಎದ್ದು ನಿಂತೆ. "ತಪ್ಪಾಯ್ತು ಮಾವ. ಕಲ್ಲು ನಾನೇ ಏರ್ಸಿದ್ದೆ."

ಬೈಯಲಿಲ್ಲ. ಮರದ ಹತ್ತಿರ ಹೋಗಿ ಹಗ್ಗವನ್ನು ಜಗ್ಗಿದರು. ಗೇಣು ಗೇಣಾಗಿ ಹಿಡಿದು, ಎಲ್ಲಾದರೂ ನಾರು ಹರಿದಿದೆಯೇ ಎಂದು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಆಮೇಲೆ ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಅಂದು ಹೇಳಿದರು.

"ನನ್ನ ದೋಸ್ತ ಒಬ್ಬವ ಇದ್ದ. ಹಣಮಂತ. ಹಂದಿ ಶಿಕಾರಿಗಿ ಇಬ್ರೂ ಜೋಡಿ ಹೋಗ್ತಿದ್ವಿ. ಒಂದಿನ ಬಂದೂಕು ಕೈಯಾಗ ಹಿಡ್ಕೊಂಡೇ ಗಿಡ ಏರ್ದ. ನಾ ಕೆಳಗ ನಿಂತಿದ್ದೆ. ಹಿಂಗ್ ಬ್ಯಾಡೋ ಅನ್ನಬೇಕಿತ್ತು, ಅನ್ನಲಿಲ್ಲ. ನಗಾಡ್ಕೋತ ಏರ್ದ, ಕಾಲು ಜಾರ್ತು, ಬಿದ್ದಲ್ಲೇ ಹೋದ. ಹಂದಿ ಬರ್ಲೇ ಇಲ್ಲ ಅವತ್ತು. ನಮ್ಮನ್ನ ಹಂದಿ ತಿನ್ನಲಿಲ್ರಿ, ಗಿಡ ತಿಂತು."

ಅತ್ತೆ ಸೆರಗಿನಿಂದ ಅವರ ಕೈಯ ಪಾಕ ಒರೆಸತೊಡಗಿದರು. ಮಾವ ಕೈ ಕೊಟ್ಟುಕೊಂಡೇ ಮಾತಾಡಿದರು.

"ಅವ್ನ ಮನಿಗಿ ಹೋಗಿ ಅವ್ನ ಹೆಂಡ್ತಿಗಿ ನಾನೇ ಹೇಳ್ದೆ. ಕೂಸು ಎತ್ಕೊಂಡು ನಿಂತಿದ್ದಳು. ಏನು ಹೇಳ್ದೆ, ಹೆಂಗ ಹೇಳ್ದೆ, ಗೊತ್ತಿಲ್ಲ. ಭಾಳ ಕೆಟ್ಟ ಹೇಳ್ದೆ ಅಂತ ಇಷ್ಟು ವರ್ಷ ಅನಿಸ್ಕೋತ ಬಂದೀನಿ."

ಆಮೇಲೆ ನನ್ನ ಮುಖ ನೋಡಿದರು.

"ಇವತ್ತ ದಾರ್ಯಾಗ ಬರ್ತಾ ದೂರದಿಂದ ನೋಡ್ದೆ. ಮಂಚಿಗಿ ಮುರ್ದು ಬಿದ್ದದ, ಮ್ಯಾಲ ಯಾರೂ ಇಲ್ಲ. ಜ್ವಾಳ ಎತ್ತರ ಅದ, ನೀವು ಕಾಣಲಿಲ್ಲ. ಓಡ್ಕೋತ ಬಂದೆ ಅಳಿಯಂದ್ರ. ಜಗದೇವಿಗಿ ಏನು ಹೇಳ್ಲಿ, ಹೆಂಗ ಹೇಳ್ಲಿ ಅಂತ ದಾರಿ ತುಂಬಾ ಮಾತು ಜೋಡಿಸ್ಕೋತ ಬಂದೆ. ಈ ಸಲ ಛಂದ ಹೇಳಬೇಕು ಅಂತ."

ಅಷ್ಟು ಹೇಳಿ ನಕ್ಕರು. ಅವರು ನಗುವುದನ್ನು ನಾನು ಕಂಡದ್ದು ಅದೇ ಮೊದಲು. ನಗುತ್ತಿದ್ದ ಹಾಗೆಯೇ ಮೀಸೆ ಒದ್ದೆಯಾಯಿತು. ಮದುವೆಯಲ್ಲಿ ಯಾರೋ ಹಿಂದಿನಿಂದ ಕತ್ತು ಬಗ್ಗಿಸಿದ್ದಕ್ಕೆ ನಾನು ಅವರ ಕಾಲಿಗೆ ಬಿದ್ದಿದ್ದೆ. ಅವತ್ತು ಯಾರೂ ಬಗ್ಗಿಸಲಿಲ್ಲ, ನಾನೇ ಬಿದ್ದೆ.

ಮಾವ ಈಗಿಲ್ಲ. ಅತ್ತೆ ಇದ್ದಾರೆ, ಫೋನು ಮಾಡಿದರೆ ಮೊದಲು ನನ್ನನ್ನೇ ಕೇಳುತ್ತಾರೆ. ನಾನು ಬಿದ್ದ ಕತೆ ಜಗದೇವಿಗೆ ಗೊತ್ತು, ಬಂದವರಿಗೆಲ್ಲ ಬಣ್ಣ ಕಟ್ಟಿ ಹೇಳಿ ನಗಿಸುತ್ತಾಳೆ. ಆದರೆ ಅವತ್ತು ಅವಳಪ್ಪ ಬಸ್ಸಿನ ದಾರಿಯಿಂದ ಹೊಲದವರೆಗೆ ಅವಳಿಗಾಗಿ ಜೋಡಿಸಿಕೊಂಡು ಬಂದ ಮಾತು ಏನಿತ್ತು ಎಂಬುದು ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ, ನಾನು ಕೇಳಲಿಲ್ಲ. ಅವರು ಅದನ್ನು ಯಾರಿಗೂ ಹೇಳದೆ ತಮ್ಮ ಜೊತೆಗೇ ತೆಗೆದುಕೊಂಡು ಹೋದರು. ಆ ಮಾತನ್ನು ಕೇಳದೆಯೇ ಜಗದೇವಿಯ ತಲೆ ನೆರೆಯಿತು.